ಗಾಳಿಯನ್ನು ಒತ್ತಿ ತುಂಬಬೇಕೇ, ಎಂಜಿನ್ನನ್ನೇ ಹಿಗ್ಗಿಸಬೇಕೇ? ಮರ್ಕ್ಯುರಿ ವೆರಾಡೋ: ಒಂದು ಪ್ರಕರಣ ಅಧ್ಯಯನ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಫಾನ್ ಡು ಲ್ಯಾಕ್ ಊರಿನಲ್ಲಿರುವ ಮರ್ಕ್ಯುರಿ ಮರೀನ್ ದೋಣಿ ಎಂಜಿನ್‌ಗಳನ್ನು ತಯಾರಿಸುವ ಕಂಪನಿ. ಇದರ ಮೂಲ ಕಾರ್ಲ್ ಕೀಕ್‌ಹೇಫರ್ 1939ರಲ್ಲಿ ಕಟ್ಟಿದ ಸಂಸ್ಥೆಯಲ್ಲಿದೆ. ಈ ಕಂಪನಿ ಒಂದೇ ಪ್ರಶ್ನೆಗೆ ಹದಿನೇಳು ವರ್ಷಗಳಲ್ಲಿ ನಾಲ್ಕು ಬಾರಿ ಉತ್ತರ ಕೊಟ್ಟಿತು, ಮತ್ತು ಪ್ರತಿ ಬಾರಿಯೂ ಹಿಂದಿನದಕ್ಕೆ ತಿರುಗುಮುರುಗಾದ ಉತ್ತರವನ್ನೇ ಕೊಟ್ಟಿತು. ದೊಡ್ಡ ಶಕ್ತಿಯ ಔಟ್‌ಬೋರ್ಡ್ ಎಂಜಿನ್‌ಗೆ, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಎಂಜಿನ್‌ಗೆ, ಸೂಪರ್‌ಚಾರ್ಜರ್ (ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಸಾಧನ) ಹಾಕಬೇಕೇ ಬೇಡವೇ ಎಂಬುದು ಆ ಪ್ರಶ್ನೆ. 2004ರಲ್ಲಿ ‘ವೆರಾಡೋ’ ಎಂಬ ಹೆಸರಿನಲ್ಲಿ ಬಂದ 2.6 ಲೀಟರ್‌ನ (ಸಿಲಿಂಡರ್‌ಗಳ ಒಳಗಿನ ಒಟ್ಟು ಜಾಗದ ಅಳತೆ, ಎಂಜಿನ್‌ನ ‘ಗಾತ್ರ’ ಎಂದರೆ ಇದೇ) ಆರು ಸಿಲಿಂಡರ್ ಎಂಜಿನ್‌ಗೆ ಸೂಪರ್‌ಚಾರ್ಜರ್ ಇತ್ತು. 2018ರಲ್ಲಿ ಅದೇ ಹೆಸರನ್ನು ಹೊತ್ತು ಬಂದ 4.6 ಲೀಟರ್‌ನ ವಿ8 (ವಿ ಆಕಾರದಲ್ಲಿ ಎರಡು ಸಾಲಾಗಿ ಎಂಟು ಸಿಲಿಂಡರ್) ಎಂಜಿನ್‌ಗೆ ಅದು ಇರಲಿಲ್ಲ. 2019ರಲ್ಲಿ ಆ ವಿ8ರ ಮೇಲೆಯೇ ಮರ್ಕ್ಯುರಿ ರೇಸಿಂಗ್ ವಿಭಾಗ ಸೂಪರ್‌ಚಾರ್ಜರ್ ಕೂರಿಸಿ 450 ಅಶ್ವಶಕ್ತಿಯ ಎಂಜಿನ್ ಹೊರತಂದಿತು. 2021ರಲ್ಲಿ 600 ಅಶ್ವಶಕ್ತಿಯ ಎಂಜಿನ್ ಮಾಡುವಾಗ ಮತ್ತೆ ಅದನ್ನು ಬಿಟ್ಟು 7.6 ಲೀಟರ್‌ನ ವಿ12ಕ್ಕೆ ಹೋಯಿತು.

ಮೇಲ್ನೋಟಕ್ಕೆ ಇದು ಮನಸ್ಸು ಗಟ್ಟಿಯಿಲ್ಲದವರ ನಡೆಯಂತೆ ಕಂಡೀತು. ಆದರೆ ಒಂದೊಂದು ಬಾರಿಯೂ ಎಂಜಿನ್ ವಿನ್ಯಾಸಕಾರರ ಕೈಯನ್ನು ಕಟ್ಟಿಹಾಕಿದ್ದು ಯಾವುದು ಎಂದು ನೋಡುತ್ತಾ ಹೋದರೆ ನಾಲ್ಕೂ ತೀರ್ಮಾನಗಳು ಒಂದೇ ತರ್ಕದಿಂದ ಹುಟ್ಟಿದವು ಎಂದು ನನಗೆ ತೋರುತ್ತದೆ. ಹೊರಗೆ ಬಂದ ಯಂತ್ರಗಳನ್ನೇ, ಅವುಗಳ ತೂಕ, ಗಾತ್ರ, ವೇಗಮಿತಿ ಮತ್ತು ಇಂಧನದ ಬೇಡಿಕೆಯನ್ನೇ ಸಾಕ್ಷಿಯಾಗಿಟ್ಟುಕೊಂಡು ಆ ತರ್ಕವನ್ನು ಬಿಡಿಸಿ ನೋಡುವುದು ಈ ಬರಹದ ಕೆಲಸ.

ಪ್ರಶ್ನೆ ಹುಟ್ಟಿದ ಸಂದರ್ಭ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1996ರಲ್ಲಿ ಔಟ್‌ಬೋರ್ಡ್ ಎಂಜಿನ್‌ಗಳಿಗೆ ಹೊಗೆ ನಿಯಮಗಳನ್ನು ತಂದಿತು. 1998ರಿಂದ 2006ರವರೆಗೆ ಹಂತಹಂತವಾಗಿ, ಸುಡದೆ ಹೊರಬೀಳುವ ಹೈಡ್ರೋಕಾರ್ಬನ್‌ಗಳನ್ನು ಮುಕ್ಕಾಲು ಪಾಲು ತಗ್ಗಿಸಬೇಕೆಂಬುದು ಅದರ ಸಾರ. ಅಲ್ಲಿಯವರೆಗೆ ದೋಣಿಯ ಹಿಂಬದಿಯಲ್ಲಿ ಮೆರೆಯುತ್ತಿದ್ದ ಹಳೆಯ ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲಿನ ಒಂದು ಭಾಗ ಸುಡದೆಯೇ ನೀರಿಗೆ ಹೋಗುತ್ತಿದ್ದುದರಿಂದ ಅದರ ಕಾಲ ಮುಗಿಯುತ್ತಾ ಬಂದಿತ್ತು. ಬದಲಿಗೆ ಬರಬೇಕಾದ ಫೋರ್-ಸ್ಟ್ರೋಕ್ ಎಂಜಿನ್ ಪ್ರತಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಮಾತ್ರ ಉರಿಯುತ್ತದೆ. ಅಷ್ಟೇ ಗಾತ್ರದ ಟೂ-ಸ್ಟ್ರೋಕ್ ಕೊಡುವ ಶಕ್ತಿಯನ್ನು ಅದು ಕೊಡಬೇಕಾದರೆ ಗಾತ್ರ ಹೆಚ್ಚಬೇಕು, ಇಲ್ಲವೇ ಸುತ್ತಿನ ವೇಗ ಹೆಚ್ಚಬೇಕು, ಅದೂ ಇಲ್ಲವೆಂದರೆ ಒಳಗೆ ಹೋಗುವ ಗಾಳಿಯನ್ನು ಒತ್ತಿ ತುಂಬಬೇಕು. ಇದರ ಜೊತೆಗೆ ಕ್ಯಾಮ್‌ಶಾಫ್ಟ್, ವಾಲ್ವ್, ಎಣ್ಣೆಯ ತೊಟ್ಟಿ ಎಲ್ಲವೂ ಸೇರಿ ತೂಕ ಏರುತ್ತದೆ.

ಕಾರಿಗೆ ತೂಕ ಹೆಚ್ಚಾದರೆ ಸ್ಪ್ರಿಂಗ್ ಬದಲಿಸಬಹುದು. ಔಟ್‌ಬೋರ್ಡ್ ಎಂಜಿನ್ ನೇತಾಡುವುದು ದೋಣಿಯ ಕಟ್ಟಕಡೆಯ ಹಲಗೆಯ ಮೇಲೆ. ಅಲ್ಲಿ ಮೂವತ್ತು ಕೆಜಿ ಹೆಚ್ಚಾದರೂ ದೋಣಿಯ ಹಿಂಭಾಗ ತಗ್ಗಿ ಮೂತಿ ಮೇಲೆದ್ದು ನಿಲ್ಲುತ್ತದೆ, ನಿಂತಲ್ಲೇ ಹಿಂಬದಿಯಿಂದ ನೀರು ಒಳನುಗ್ಗುವ ಸಾಧ್ಯತೆಯೂ ಇರುತ್ತದೆ. ಅದಕ್ಕೆ ಇನ್ನೊಂದು ಕಟ್ಟುಪಾಡು ಸೇರುತ್ತದೆ: ಎರಡು ಅಥವಾ ಮೂರು ಎಂಜಿನ್‌ಗಳನ್ನು ಅಕ್ಕಪಕ್ಕ ಕೂರಿಸುವ ದೋಣಿಗಳಲ್ಲಿ ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ಅಂತರ ಮೊದಲೇ ನಿಗದಿಯಾಗಿರುತ್ತದೆ. ಮರ್ಕ್ಯುರಿಯ ಲೆಕ್ಕದಲ್ಲಿ ಅದು 26 ಇಂಚು. ಎಂಜಿನ್ ಅಗಲವಾದರೆ ತಿರುಗುವಾಗ ಒಂದರ ಮುಸುಕು (ಮೇಲಿನ ಹೊದಿಕೆ) ಇನ್ನೊಂದಕ್ಕೆ ತಗುಲುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಮಾತು ಇಲ್ಲಿ ಇಂಚಿನ ಲೆಕ್ಕದಲ್ಲೇ ನಿಜ.

2004ರ ವೆರಾಡೋ ಈ ಇಕ್ಕಟ್ಟಿಗೆ ಕೊಟ್ಟ ಉತ್ತರ. ಆರು ಸಿಲಿಂಡರ್‌ಗಳನ್ನು ವಿ ಆಕಾರದಲ್ಲಿ ಹರಡದೆ ಒಂದರ ಮೇಲೊಂದು ಸಾಲಾಗಿ ನಿಲ್ಲಿಸಿದ್ದರಿಂದ ಎಂಜಿನ್ ಕಿರಿದಾಯಿತು. ಕಿರಿದಾದ ಆ ಎಂಜಿನ್‌ನ ಗಾತ್ರ 2.6 ಲೀಟರ್‌ಗೆ ನಿಂತಿತು. ಸುಮ್ಮನೆ ಗಾಳಿ ಎಳೆದುಕೊಳ್ಳುವ 2.6 ಲೀಟರ್ ಎಂಜಿನ್‌ನಿಂದ 275 ಅಶ್ವಶಕ್ತಿಯನ್ನು ಬಾಳಿಕೆಯ ಭರವಸೆಯೊಂದಿಗೆ ಪಡೆಯುವುದು ಆಗದ ಮಾತಾದ್ದರಿಂದ ಬೆಲ್ಟಿನಿಂದ ತಿರುಗುವ ಸೂಪರ್‌ಚಾರ್ಜರ್ ಬಂತು. ಅಂದರೆ ಸೂಪರ್‌ಚಾರ್ಜರ್ ಅಲ್ಲಿಗೆ ಬಂದದ್ದು ಅಬ್ಬರಕ್ಕಲ್ಲ, ಅಗಲದ ಮಿತಿಗೆ. ಸಾಲು ಸಿಲಿಂಡರಿನ ಆಯ್ಕೆ ಮೊದಲು, ಒತ್ತಿದ ಗಾಳಿ ಅದರ ಬೆನ್ನಿಗೆ ಬಂದದ್ದು ಎಂದು ನಾನು ಈ ಯಂತ್ರವನ್ನು ಓದುತ್ತೇನೆ. ಮುಂದೆ ಅದೇ 2.6 ಲೀಟರ್‌ನಿಂದ 300, ಮತ್ತು 2015ರಲ್ಲಿ 350 ಅಶ್ವಶಕ್ತಿಯನ್ನೂ ತೆಗೆದರು. ರೇಸಿಂಗ್ ವಿಭಾಗ ಅದೇ ವರ್ಷ ‘400ಆರ್’ ಎಂಬ ಹೆಸರಿನಲ್ಲಿ 400ಕ್ಕೆ ಏರಿಸಿತು. ಒಂದು ಲೀಟರಿಗೆ 154 ಅಶ್ವಶಕ್ತಿ! ಉಪ್ಪುನೀರಿನಲ್ಲಿ ದುಡಿಯುವ ಯಂತ್ರಕ್ಕೆ ಇದು ಸಣ್ಣ ಸಾಧನೆಯಲ್ಲ.

ಒತ್ತಿದ ಗಾಳಿಯ ಲೆಕ್ಕ

ಸೂಪರ್‌ಚಾರ್ಜರ್ ಮಾಡುವುದು ಇಷ್ಟೇ: ಅದೇ ಸಿಲಿಂಡರಿಗೆ ಹೆಚ್ಚು ತೂಕದ ಗಾಳಿಯನ್ನು ತುಂಬುತ್ತದೆ, ಗಾಳಿ ಹೆಚ್ಚಾದಷ್ಟು ಪೆಟ್ರೋಲನ್ನೂ ಹೆಚ್ಚು ಸುಡಬಹುದು. ವಿಮಾನಗಳಲ್ಲಿ ಇದು ಅನಿವಾರ್ಯವಾಗಿದ್ದುದು ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿಯೇ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತನೇ ಒಂದರಷ್ಟು ಕಡಿಮೆ ಇರುತ್ತದೆ. ಕಡಲ ದೋಣಿಗೆ ಈ ನಷ್ಟವೇ ಇಲ್ಲ. ಭೂಮಿಯ ಮೇಲೆ ಸಿಗುವ ದಟ್ಟವಾದ ಗಾಳಿ ಅದಕ್ಕೆ ಪುಕ್ಕಟೆಯಾಗಿ ಸಿಗುತ್ತದೆ. ಹಾಗಾಗಿ ದೋಣಿಯಲ್ಲಿ ಸೂಪರ್‌ಚಾರ್ಜರ್ ಕಳೆದದ್ದನ್ನು ತುಂಬಿಕೊಡುವ ಸಾಧನವಲ್ಲ, ಗಾತ್ರಕ್ಕೆ ಬದಲಾಗಿ ಬಂದ ಸಾಧನ. ಗಾತ್ರಕ್ಕೆ ಜಾಗವಿದ್ದರೆ ಈ ಬದಲಿ ಲಾಭವೋ ನಷ್ಟವೋ ಎಂದು ಕೇಳುವ ಹಕ್ಕು ನಮಗಿದೆ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. ಮುಸುಕಿನೊಳಗೆ 35 ಡಿಗ್ರಿ ಸೆಲ್ಸಿಯಸ್ ಇರುವ ಗಾಳಿಯನ್ನು ಒಂದೂವರೆ ಪಟ್ಟು ಒತ್ತಡಕ್ಕೆ ಏರಿಸಿದೆವೆಂದುಕೊಳ್ಳಿ. ಯಾವ ಲೋಪವೂ ಇಲ್ಲದ ಆದರ್ಶ ಸಂಪೀಡಕದಲ್ಲಿಯೂ ಆ ಗಾಳಿ ಸುಮಾರು 73 ಡಿಗ್ರಿಗೆ ಬಿಸಿಯಾಗುತ್ತದೆ. ಶೇಕಡ 60ರ ದಕ್ಷತೆಯ ನಿಜವಾದ ಸೂಪರ್‌ಚಾರ್ಜರಿನಲ್ಲಿ ಅದು 98 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಬಿಸಿಯಾದ ಗಾಳಿ ಹಿಗ್ಗುವುದರಿಂದ ಒತ್ತಡ ಒಂದೂವರೆ ಪಟ್ಟಾದರೂ ಸಾಂದ್ರತೆ ಸುಮಾರು 1.25 ಪಟ್ಟಿಗೆ ಮಾತ್ರ ಏರುತ್ತದೆ. ಅರ್ಧಕ್ಕರ್ಧ ಲಾಭ ಬಿಸಿಯ ಪಾಲಾಯಿತು. ದೋಣಿಗಿರುವ ದೊಡ್ಡ ಅನುಕೂಲ ಇಲ್ಲಿ ಕೆಲಸಕ್ಕೆ ಬರುತ್ತದೆ. ಸುತ್ತ ಮುಗಿಯದಷ್ಟು ತಣ್ಣೀರಿದೆ. ಆ ನೀರನ್ನು ಹಾಯಿಸಿದ ಕೂಲರ್ ಒಳಗೆ ಗಾಳಿಯನ್ನು 50 ಡಿಗ್ರಿಗೆ ಇಳಿಸಿದರೆ ಸಾಂದ್ರತೆ 1.43 ಪಟ್ಟಿಗೆ ಏರುತ್ತದೆ. ಹೀಗೆ 2.6 ಲೀಟರ್‌ನ ಎಂಜಿನ್ ಉಸಿರಾಟದಲ್ಲಿ 3.7 ಲೀಟರ್‌ನ ಎಂಜಿನ್‌ನಂತೆ ವರ್ತಿಸುತ್ತದೆ. ವೆರಾಡೋದಲ್ಲಿ ಇಂಥ ಕೂಲರ್ ಇತ್ತು, ಇರಲೇಬೇಕಿತ್ತು.

ಆದರೆ ಆ ಕೂಲರ್ ಒಳಗೆ ಹರಿಯುವುದು ಸಮುದ್ರದ ನೀರು. ಅದರ ನಳಿಗೆಗಳಲ್ಲಿ ಉಪ್ಪು ಕಟ್ಟುತ್ತದೆ. ಗಾಳಿಯ ಬದಿಯಲ್ಲಿ ತೇವ ಹನಿಗಟ್ಟುತ್ತದೆ. ಒಂದು ಬಿರುಕು ಬಿಟ್ಟರೆ ಉಪ್ಪುನೀರು ನೇರವಾಗಿ ಸಿಲಿಂಡರಿನ ದಾರಿ ಹಿಡಿಯುತ್ತದೆ. ಸಾದಾ ಎಂಜಿನ್‌ನಲ್ಲಿ ಇರದೇ ಇದ್ದ ಒಂದು ಭಾಗ, ಅದಕ್ಕೊಂದು ಬೆಲ್ಟು, ಬೆಲ್ಟಿಗೊಂದು ಬಿಗಿಪಟ್ಟು, ಒತ್ತಡವನ್ನು ಬೇಡವಾದಾಗ ಬಿಟ್ಟುಕೊಡುವ ಎಲೆಕ್ಟ್ರಾನಿಕ್ ವಾಲ್ವ್: ಸರ್ವೀಸ್ ಪಟ್ಟಿ ಹೀಗೆ ಬೆಳೆಯುತ್ತದೆ. ಸೂಪರ್‌ಚಾರ್ಜರನ್ನು ತಿರುಗಿಸಲು ಬೇಕಾದ ಶಕ್ತಿಯೂ ಕ್ರ್ಯಾಂಕ್‌ಶಾಫ್ಟಿನಿಂದಲೇ ಹೋಗಬೇಕು. ಮೇಲಿನ ಉದಾಹರಣೆಯನ್ನೇ 300 ಅಶ್ವಶಕ್ತಿಯ ಎಂಜಿನ್‌ಗೆ ವಿಸ್ತರಿಸಿ ನಾನು ಹಾಕಿದ ಅಂದಾಜಿನಲ್ಲಿ ಅದು ಪೂರ್ಣವೇಗದಲ್ಲಿ ಸುಮಾರು 20 ಅಶ್ವಶಕ್ತಿ. ಆ ಇಪ್ಪತ್ತಕ್ಕೂ ಪೆಟ್ರೋಲ್ ಸುಡಬೇಕು, ಆದರೆ ಅದರಿಂದ ದೋಣಿ ಒಂದು ಗೇಣೂ ಮುಂದೆ ಹೋಗುವುದಿಲ್ಲ.

ಗಾಳಿ ಒತ್ತಲು ಟರ್ಬೋ ಹಾಕಬಹುದಿತ್ತಲ್ಲ, ಅದರ ಟರ್ಬೈನ್ ಬೆಲ್ಟಿಲ್ಲದೆ ಬಿಟ್ಟಿ ಹೊಗೆಯಿಂದ ತಿರುಗುತ್ತದಲ್ಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಟರ್ಬೈನಿನ ಕವಚ ಕೆಂಪಗೆ ಕಾಯುವಷ್ಟು ಬಿಸಿಯಾಗುತ್ತದೆ, ಮತ್ತು ಔಟ್‌ಬೋರ್ಡ್‌ನಲ್ಲಿ ಅದು ಕೂರಬೇಕಾದದ್ದು ಪ್ಲಾಸ್ಟಿಕ್ ಮುಸುಕಿನ ಕೆಳಗೆ, ಪೆಟ್ರೋಲ್ ನಳಿಗೆಗಳ ಪಕ್ಕದಲ್ಲಿ. ಒಳಗೆ ದೊಡ್ಡ ಎಂಜಿನ್ ಕೋಣೆಯಿರುವ ದೋಣಿಗಳ ಮಾತು ಬೇರೆ. ಮರ್ಕ್ಯುರಿ ರೇಸಿಂಗ್ ತನ್ನ 9 ಲೀಟರ್‌ನ 1350 ಅಶ್ವಶಕ್ತಿಯ ಒಳ ಎಂಜಿನ್‌ಗೆ ಎರಡು ಟರ್ಬೋಗಳನ್ನೇ ಆರಿಸಿಕೊಂಡಿತು. ಇದಲ್ಲದೆ ಟರ್ಬೋ ಎಚ್ಚರಗೊಳ್ಳುವಷ್ಟರಲ್ಲಿ ಆಗುವ ತಡ ದೋಣಿಗೆ ಒಗ್ಗುವುದಿಲ್ಲ. ನಿಂತ ದೋಣಿಗೆ ವೇಗ ಕೊಟ್ಟಾಗ ಮೊದಲು ಮೂತಿ ಮೇಲೇಳುತ್ತದೆ, ಹಿಂಭಾಗ ನೀರಿನಲ್ಲಿ ಕುಸಿಯುತ್ತದೆ, ತಾನೇ ಎಬ್ಬಿಸಿದ ಅಲೆಯ ದಿಬ್ಬವನ್ನು ತಾನೇ ಹತ್ತಬೇಕಾದ ಸ್ಥಿತಿ ಬರುತ್ತದೆ. ಆ ದಿಬ್ಬ ದಾಟಿದ ಮೇಲಷ್ಟೇ ಅದು ನೀರಿನ ಮೇಲೆ ಜಾರತೊಡಗುತ್ತದೆ. ಅಲ್ಲಿಯವರೆಗೆ ಬೇಕಾದದ್ದು ಕಡಿಮೆ ಸುತ್ತಿನಲ್ಲಿ ಒಡನೆ ಸಿಗುವ ತಿರುಚುಬಲ (ಟಾರ್ಕ್). ಬೆಲ್ಟಿನಿಂದ ತಿರುಗುವ ಸೂಪರ್‌ಚಾರ್ಜರ್ ಅದನ್ನು ತಡವಿಲ್ಲದೆ ಕೊಡುತ್ತದೆ. ಹಳೆಯ ವೆರಾಡೋವನ್ನು ಮೆಚ್ಚುವವರು ಇಂದಿಗೂ ಮೊದಲು ಹೇಳುವುದು ಈ ಎಳೆತವನ್ನೇ.

ದೋಣಿ ಎಂಜಿನ್‌ನ ದುಡಿಮೆ

ರಸ್ತೆಯ ಮೇಲೆ ಸಮವೇಗದಲ್ಲಿ ಹೋಗುವ ಕಾರಿನ ಎಂಜಿನ್ ತನ್ನ ಶಕ್ತಿಯ ಐದನೇ ಒಂದು ಪಾಲನ್ನೂ ಬಳಸದೆ ನೆಮ್ಮದಿಯಾಗಿರುತ್ತದೆ. ವೇಗದ ದೋಣಿಯ ಎಂಜಿನ್ ಗಂಟೆಗಟ್ಟಲೆ ಅರ್ಧಕ್ಕಿಂತ ಹೆಚ್ಚಿನ ಶಕ್ತಿಯಲ್ಲಿ ದುಡಿಯುತ್ತದೆ. ಚಾರ್ಮಾಡಿ ಘಾಟಿಯನ್ನು ತುಂಬಿದ ಲಾರಿ ಹತ್ತುವುದನ್ನು ನೆನೆಸಿಕೊಂಡು, ಆ ಘಾಟಿಗೆ ಕೊನೆಯೇ ಇಲ್ಲವೆಂದುಕೊಂಡರೆ ದೋಣಿ ಎಂಜಿನ್‌ನ ದಿನಚರಿ ಅರ್ಥವಾಗುತ್ತದೆ. ಕಾರಿನಲ್ಲಿ ಸೂಪರ್‌ಚಾರ್ಜರ್ ಕೆಲವು ಸೆಕೆಂಡು ಜೋರಾಗಿ ದುಡಿದು ಮತ್ತೆ ವಿಶ್ರಾಂತಿಗೆ ಹೋಗುತ್ತದೆ. ಮೇಲೇರಿದ ಬಿಸಿ ಅಷ್ಟರಲ್ಲಿ ಇಳಿಯುತ್ತದೆ. ದೋಣಿಯಲ್ಲಿ ಆ ವಿಶ್ರಾಂತಿ ಸಿಗುವುದಿಲ್ಲ. ಕಾರಿನ ಲೋಕದಲ್ಲಿ ಚೆನ್ನಾಗಿ ಬಾಳಿದ ಒಂದು ಸೂಪರ್‌ಚಾರ್ಜರ್ ಕಿಟ್ ನೀರಿನಲ್ಲೂ ಬಾಳುತ್ತದೆ ಎಂದು ನಂಬುವವರು ತಪ್ಪುವುದು ಇಲ್ಲೇ.

ಎರಡನೆಯ ವಿಷಯ ಅಲೆಯದು. ಅಲೆಯಿಂದ ಅಲೆಗೆ ಹಾರುವ ದೋಣಿಯ ಪ್ರೊಪೆಲ್ಲರ್, ನಮ್ಮ ಕರಾವಳಿಯ ಮೀನುಗಾರರ ಬಾಯಲ್ಲಿ ಅದು ‘ಫ್ಯಾನ್’, ಒಂದು ಕ್ಷಣ ನೀರು ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ. ಭಾರ ತಪ್ಪಿದ ಎಂಜಿನ್ ಒಮ್ಮೆಲೇ ಕಿರುಚಿ ಮೇಲೇಳುತ್ತದೆ, ಮರುಕ್ಷಣ ನೀರು ಸಿಕ್ಕಿ ಗಕ್ಕನೆ ಹಿಡಿಯುತ್ತದೆ. ಎಂಜಿನ್‌ಗೆ ಕಟ್ಟಿಕೊಂಡ ಸೂಪರ್‌ಚಾರ್ಜರ್ ಎಂಜಿನ್‌ಗಿಂತ ಎಷ್ಟೋ ಪಟ್ಟು ವೇಗದಲ್ಲಿ ತಿರುಗುತ್ತಿರಬಹುದು, ಹಾಗಾಗಿ ಈ ಜಗ್ಗಾಟದ ಪೆಟ್ಟು ಅದಕ್ಕೆ ಹಲವು ಪಟ್ಟಾಗಿ ತಟ್ಟುತ್ತದೆ. ಒಂದು ಜಲ-ಸ್ಕೂಟರ್ ತಯಾರಕರ ಯಂತ್ರಗಳಲ್ಲಿ ಆದದ್ದನ್ನು ಹತ್ತಿರದಿಂದ ನೋಡಿದರೆ ಇದು ಮನದಟ್ಟಾಗುತ್ತದೆ. ಆ ಪೆಟ್ಟನ್ನು ತಾಳಿಕೊಳ್ಳಲೆಂದೇ ಸೂಪರ್‌ಚಾರ್ಜರಿನ ಹಲ್ಲುಗಾಲಿಯ ಇಕ್ಕೆಲದಲ್ಲಿ ಜಾರುವ ಕ್ಲಚ್ಚಿನ ಭಾಗವಾಗಿ ಸೆರಾಮಿಕ್ ವಾಷರ್‌ಗಳನ್ನು ಕೂರಿಸಿದ್ದರು. ನಾಣ್ಯದಷ್ಟು ತೆಳ್ಳಗಿನ ಆ ಬಿಲ್ಲೆಗಳು ಕೆಲವು ಯಂತ್ರಗಳಲ್ಲಿ ಚೂರಾದವು. ಚೂರುಗಳು ಎಣ್ಣೆಯ ಜೊತೆ ಎಂಜಿನ್‌ನ ಹೊಟ್ಟೆ ಸೇರಿದವು. ನಿಗದಿತ ಗಂಟೆಗಳಿಗೊಮ್ಮೆ ಸೂಪರ್‌ಚಾರ್ಜರನ್ನು ಬಿಚ್ಚಿ ಕಟ್ಟುವುದು ಅಂಥ ಯಂತ್ರಗಳ ಮಾಲೀಕರಿಗೆ ತಪ್ಪದ ಖರ್ಚಾಯಿತು. ಕೆಲವು ರೂಪಾಯಿಯ ಒಂದು ಬಿಲ್ಲೆ ಇಡೀ ಎಂಜಿನ್ನನ್ನು ಬಲಿ ತೆಗೆದುಕೊಳ್ಳಬಲ್ಲದು ಎಂಬುದು ಕಾಗದದ ಮೇಲಿನ ಅಶ್ವಶಕ್ತಿಯ ಲೆಕ್ಕದಲ್ಲಿ ಕಾಣುವುದಿಲ್ಲ.

ಮೂರನೆಯದು ಪೆಟ್ರೋಲ್. ಒತ್ತಿ ತುಂಬಿದ ಬಿಸಿ ಗಾಳಿಯಲ್ಲಿ ಇಂಧನ ಕಿಡಿಯ ಉರಿ ತಲುಪುವ ಮೊದಲೇ ತಾನಾಗಿ ಸಿಡಿಯದಂತೆ ನೋಡಿಕೊಳ್ಳಲು ಹೆಚ್ಚಿನ ಆಕ್ಟೇನ್ (ಹಾಗೆ ಸಿಡಿಯದೆ ತಾಳುವ ಗುಣದ ಅಳತೆ) ಬೇಕು. 300 ಅಶ್ವಶಕ್ತಿಯ ಸೂಪರ್‌ಚಾರ್ಜರ್ ವೆರಾಡೋಗೆ ಅಮೆರಿಕದ ಅಳತೆಯಲ್ಲಿ 92 ಆಕ್ಟೇನ್‌ನ ದುಬಾರಿ ಪೆಟ್ರೋಲನ್ನು ಶಿಫಾರಸು ಮಾಡಲಾಗಿತ್ತು. ಸಾಮಾನ್ಯ 87ರಲ್ಲೂ ಅದು ಓಡುತ್ತದೆ, ಆದರೆ ಕಂಪ್ಯೂಟರ್ ಶಕ್ತಿಯನ್ನು ತಗ್ಗಿಸಿಕೊಂಡು ಓಡಿಸುತ್ತದೆ. ದಡದ ಇಂಧನ ಕೇಂದ್ರಗಳಲ್ಲಿ ದುಬಾರಿ ಪೆಟ್ರೋಲ್ ಎಲ್ಲೆಡೆ ಸಿಗುವುದಿಲ್ಲ. ಸಿಕ್ಕರೂ ಗಂಟೆಗೆ ಹತ್ತಾರು ಲೀಟರ್ ಕುಡಿಯುವ ಮೂರು ಎಂಜಿನ್‌ಗಳಿಗೆ ಅದನ್ನೇ ತುಂಬುವುದು ಜೇಬಿಗೆ ಬೆಂಕಿ. ನಮ್ಮ ಮಲ್ಪೆ, ಗಂಗೊಳ್ಳಿಯ ನಾಡದೋಣಿಗಳ ಸಣ್ಣ ಔಟ್‌ಬೋರ್ಡ್‌ಗಳು ಸೀಮೆಎಣ್ಣೆಯಲ್ಲಿ ಓಡುತ್ತಾ ಬಂದದ್ದು ನೆನಪಾಗುತ್ತದೆ. ಸೀಮೆಎಣ್ಣೆಯ ಆಕ್ಟೇನ್ ತೀರಾ ಕಡಿಮೆಯಾದ್ದರಿಂದ ಅಂಥ ಎಂಜಿನ್‌ಗಳ ಒಳಗಿನ ಒತ್ತಡವನ್ನು ಬೇಕೆಂದೇ ತಗ್ಗಿಸಿಟ್ಟಿರುತ್ತಾರೆ. ಸೂಪರ್‌ಚಾರ್ಜರ್ ಇದಕ್ಕೆ ನೇರ ವಿರುದ್ಧ ತುದಿ. ಎಂಜಿನ್ ಯಾವ ನೀರಿನಲ್ಲಿ ಓಡುತ್ತದೆ ಎಂಬಷ್ಟೇ, ಯಾವ ಬಂಕಿನಿಂದ ಕುಡಿಯುತ್ತದೆ ಎಂಬುದೂ ವಿನ್ಯಾಸದ ಪ್ರಶ್ನೆ.

ತಿರುವು: 206 ಕೆಜಿಯ ಎಂಜಿನ್

ಈ ಪ್ರಕರಣದ ನಿಜವಾದ ತಿರುವು 2018ರ ವಿ8 ಅಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೂ ಏಳು ವರ್ಷ ಹಿಂದೆ, 2011ರ ಕೊನೆಯಲ್ಲಿ, ಯಾರ ಕಣ್ಣನ್ನೂ ಕೋರೈಸದ 150 ಅಶ್ವಶಕ್ತಿಯ ಒಂದು ಸಾದಾ ಎಂಜಿನ್ ಬಂತು. ಆ ಹೊತ್ತಿಗೆ 150 ಅಶ್ವಶಕ್ತಿಗೆ ಮರ್ಕ್ಯುರಿಯಲ್ಲಿ ಇದ್ದದ್ದು 1.7 ಲೀಟರ್‌ನ ನಾಲ್ಕು ಸಿಲಿಂಡರ್ ವೆರಾಡೋ. ಅದಕ್ಕೆ ಸೂಪರ್‌ಚಾರ್ಜರ್ ಇತ್ತು, ತೂಕ ಸುಮಾರು 231 ಕೆಜಿ. ಹೊಸ ಎಂಜಿನ್ 3 ಲೀಟರ್‌ನದು. ಸೂಪರ್‌ಚಾರ್ಜರ್ ಇಲ್ಲ, ಕೂಲರ್ ಇಲ್ಲ. ನಾಲ್ಕು ಸಿಲಿಂಡರಿಗೆ ಹದಿನಾರರ ಬದಲು ಎಂಟೇ ವಾಲ್ವುಗಳು, ಒಂದೇ ಕ್ಯಾಮ್‌ಶಾಫ್ಟ್. ಅದರ ತೂಕ 206 ಕೆಜಿ.

ಗಾತ್ರ ಮುಕ್ಕಾಲು ಪಟ್ಟು ಹೆಚ್ಚಾದರೂ ತೂಕ 25 ಕೆಜಿ ಕಡಿಮೆ! ‘ಚಿಕ್ಕ ಎಂಜಿನ್‌ಗೆ ಸೂಪರ್‌ಚಾರ್ಜರ್ ಹಾಕಿದರೆ ತೂಕ ಉಳಿಯುತ್ತದೆ’ ಎಂಬ ವಾದದ ಬುಡವೇ ಇದರಿಂದ ಅಲುಗಾಡಿತು. ಇದು ಹೇಗೆ ಸಾಧ್ಯವಾಯಿತೆಂದು ನೋಡಿದರೆ ಗುಟ್ಟೇನೂ ಇಲ್ಲ. ಸಿಲಿಂಡರನ್ನು ಹಿಗ್ಗಿಸುವುದೆಂದರೆ ಬಹುಪಾಲು ಒಳಗಿನ ಟೊಳ್ಳನ್ನು ಹಿಗ್ಗಿಸುವುದು. ಅದಕ್ಕೆ ಬೇಕಾದ ಅಲ್ಯೂಮಿನಿಯಂ ಕಡಿಮೆ. ಸೂಪರ್‌ಚಾರ್ಜರ್ ಹಾಕುವುದೆಂದರೆ ಆ ಯಂತ್ರ, ಅದರ ಕೂಲರ್, ನಳಿಗೆಗಳು, ಬೆಲ್ಟು, ಅದರ ಜೊತೆಗೆ ಹೆಚ್ಚಿದ ಒತ್ತಡವನ್ನು ತಾಳಲು ದಪ್ಪಗಾಗಬೇಕಾದ ಪಿಸ್ಟನ್, ಕನೆಕ್ಟಿಂಗ್ ರಾಡ್, ಬೇರಿಂಗ್ ಎಲ್ಲವನ್ನೂ ಹೊರುವುದು. ಒಂದು ಲೀಟರಿಗೆ 88 ಅಶ್ವಶಕ್ತಿ ಕೊಡುವ ಎಂಜಿನ್‌ಗಿಂತ 50 ಕೊಡುವ ಎಂಜಿನ್ ಒಳಗೆ ಎಷ್ಟು ನಿರಾಳವಾಗಿರುತ್ತದೆ ಎಂದು ವಿವರಿಸಬೇಕಿಲ್ಲ.

2018ರ ವರ್ಷಾರಂಭದಲ್ಲಿ 3.4 ಲೀಟರ್‌ನ ವಿ6, ಬೆನ್ನಿಗೇ 4.6 ಲೀಟರ್‌ನ ವಿ8 ಬಂದಾಗ ಇದೇ ಪಾಠ ದೊಡ್ಡ ಪ್ರಮಾಣದಲ್ಲಿ ಜಾರಿಗೆ ಬಂತು. ವಿ ಆಕಾರದ ಎಂಜಿನ್ ಅಗಲವಾಗುತ್ತದೆ ಎಂಬುದೇ 2004ರ ಅಡ್ಡಿಯಾಗಿತ್ತಲ್ಲವೇ? ಈ ಬಾರಿ ಸಿಲಿಂಡರಿನ ಎರಡು ಸಾಲುಗಳ ನಡುವಿನ ಕೋನವನ್ನು 64 ಡಿಗ್ರಿಗೆ ಇಳಿಸಿ ಎಂಜಿನ್ನನ್ನು ಕಿರಿದಾಗಿಸಿದರು. ವಿ8 ಕೂಡ ಅದೇ 26 ಇಂಚಿನ ಅಂತರದಲ್ಲಿ ಕೂತಿತು. ಅಗಲದ ಕಟ್ಟು ಸಡಿಲವಾದ ಮೇಲೆ ಸೂಪರ್‌ಚಾರ್ಜರಿನ ಪರವಾಗಿ ಉಳಿದಿದ್ದ ಮುಖ್ಯ ಸಾಕ್ಷಿಯೇ ಬಿದ್ದುಹೋಯಿತು. 300 ಅಶ್ವಶಕ್ತಿಯ ಹಳೆಯ ವೆರಾಡೋದ ತೂಕ 288 ಕೆಜಿ. ಅದೇ ಹೆಸರಿನ, ಅದೇ ಶಕ್ತಿಯ ವಿ8 ವೆರಾಡೋ 272 ಕೆಜಿ. ನಡುಭಾಗದ ಕಂಪನತಡೆ ವ್ಯವಸ್ಥೆ ಸರಳವಾಗಿರುವ ಸಾದಾ ‘ಫೋರ್‌ಸ್ಟ್ರೋಕ್’ ಮಾದರಿಯ ವಿ8 ಕೇವಲ 239 ಕೆಜಿ. ಹಳೆಯದು ಪೂರ್ಣಶಕ್ತಿಗೆ ನಿಮಿಷಕ್ಕೆ 5800ರಿಂದ 6400 ಸುತ್ತು ತಿರುಗಬೇಕಿತ್ತು, ಹೊಸದಕ್ಕೆ 5200ರಿಂದ 6000 ಸಾಕು. ಪೆಟ್ರೋಲ್ 87 ಆಕ್ಟೇನ್‌ನದೇ ಸಾಕು. ಕಡಿಮೆ ಸುತ್ತಿನ ಎಳೆತ ಈಗ ಗಾತ್ರದಿಂದಲೇ ಬರುತ್ತದೆ. ವೇಗ ಹೆಚ್ಚಿಸುವ ಕ್ಷಣದಲ್ಲಿ ಕಿಡಿಯ ಸಮಯವನ್ನು ಹೊಂದಿಸಿ ದಿಬ್ಬ ಹತ್ತಲು ಇನ್ನಷ್ಟು ನೆರವು ಕೊಡುವ ಏರ್ಪಾಟನ್ನೂ ಸೇರಿಸಿದರು.

ಒಂದು ವಿಷಯ ಸ್ವಲ್ಪ ತಮಾಷೆಯದು. ಹದಿನಾಲ್ಕು ವರ್ಷ ‘ವೆರಾಡೋ’ ಎಂದರೆ ಸೂಪರ್‌ಚಾರ್ಜರ್ ಇರುವ ಎಂಜಿನ್ ಎಂದೇ ಕೊಳ್ಳುವವರು ಅರ್ಥ ಮಾಡಿಕೊಂಡಿದ್ದರು, ಅದರ ಸಣ್ಣ ಸಿಳ್ಳೆಯೇ ಅದರ ಗುರುತಾಗಿತ್ತು. ಸೂಪರ್‌ಚಾರ್ಜರ್ ಹೋಯಿತು, ಸಿಳ್ಳೆ ಹೋಯಿತು, ಹೆಸರು ಮಾತ್ರ ಉಳಿಯಿತು.

ಮತ್ತೆ ಏಕೆ ಬಂತು?

ಹಾಗಿದ್ದರೆ ಮರುವರ್ಷವೇ ರೇಸಿಂಗ್ ವಿಭಾಗ ಅದೇ 4.6 ಲೀಟರ್ ವಿ8ರ ಮೇಲೆ 2.4 ಲೀಟರ್‌ನ ಜೋಡಿ ತಿರುಪಿನ ಸೂಪರ್‌ಚಾರ್ಜರ್ ಕೂರಿಸಿ ‘450ಆರ್’ ಮಾಡಿದ್ದೇಕೆ? ಉತ್ತರ ಅದರ ತೂಕದಲ್ಲಿದೆ: 313 ಕೆಜಿ. ಹಿಂದಿನ 400ಆರ್ 303 ಕೆಜಿ ಇತ್ತು. ಹತ್ತು ಕೆಜಿ ಹೆಚ್ಚಿಗೆ ಕೊಟ್ಟು 50 ಅಶ್ವಶಕ್ತಿ ಹೆಚ್ಚು ಪಡೆದದ್ದಷ್ಟೇ ಅಲ್ಲ, ಕಂಪನಿಯ ಹೇಳಿಕೆಯಂತೆ ತಿರುಚುಬಲ ಶೇಕಡ 40ರಷ್ಟು ಏರಿತು. ಇಲ್ಲಿ ಗಾತ್ರ ಹೆಚ್ಚಿಸುವ ದಾರಿ ಮುಚ್ಚಿತ್ತು. ಬ್ಲಾಕ್ ಒಂದೇ, ಅಗಲ ಒಂದೇ, ಮತ್ತು ವೇಗದ ಸಣ್ಣ ದೋಣಿಯ ಹಿಂಬದಿ ಹೊರಬಹುದಾದ ತೂಕಕ್ಕೆ ಮಿತಿ ಇತ್ತು. ಅಂಥ ದೋಣಿ ಕೊಳ್ಳುವವನು ಸರ್ವೀಸಿನ ಗಂಟೆಗಳನ್ನು ಎಣಿಸಲು, ಒಂದು ಮೆಟ್ಟಿಲು ಮೇಲಿನ ಪೆಟ್ರೋಲ್ ತುಂಬಿಸಲು ಸಿದ್ಧನಿರುತ್ತಾನೆ. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 450ನ್ನು 4.6 ಲೀಟರಿನಿಂದ ತೆಗೆದಾಗ ಲೀಟರಿಗೆ ಬೀಳುವುದು 98 ಅಶ್ವಶಕ್ತಿ, 400ನ್ನು 2.6ರಿಂದ ತೆಗೆದಾಗ ಬಿದ್ದದ್ದು 154. ಸೂಪರ್‌ಚಾರ್ಜರ್ ಮರಳಿ ಬಂದರೂ ಅದರ ಮೇಲಿನ ಹೊರೆ ಮೊದಲಿನದಲ್ಲ. ದೊಡ್ಡ ಎಂಜಿನ್‌ಗೆ ಹದವಾದ ಒತ್ತಡ ಕೊಡುವುದು, ಚಿಕ್ಕ ಎಂಜಿನ್ನನ್ನು ಹಿಂಡುವುದಕ್ಕಿಂತ ಎಷ್ಟೋ ಮೇಲು.

ಇದೇ ಹಾದಿಯನ್ನು ಬೇರೆಯವರು ಹಿಡಿದು ನೋಡಿದ್ದರು. ಸೆವೆನ್ ಮರೀನ್ ಎಂಬ ಸಂಸ್ಥೆ 2011ರಲ್ಲಿ ಜನರಲ್ ಮೋಟಾರ್ಸ್‌ನ ಸೂಪರ್‌ಚಾರ್ಜರ್ ಇದ್ದ 6.2 ಲೀಟರ್ ಕಾರ್ ವಿ8ನ್ನು ಔಟ್‌ಬೋರ್ಡ್ ಆಗಿ ಪರಿವರ್ತಿಸಿ 557 ಅಶ್ವಶಕ್ತಿಯ ಎಂಜಿನ್ ತೋರಿಸಿತು. ಅದರ ತೂಕ ಅರ್ಧ ಟನ್ನಿನ ಸುತ್ತ. 2017ರಲ್ಲಿ ವೋಲ್ವೋ ಪೆಂಟಾ ಆ ಸಂಸ್ಥೆಯನ್ನು ಕೊಂಡಿತು, 2020ರ ಕೊನೆಗೆ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಯಮಹಾ ಮಾತ್ರ ಮೊದಲಿನಿಂದಲೂ ಗಾತ್ರದ ಪಕ್ಷಪಾತಿ: 350 ಅಶ್ವಶಕ್ತಿಗೆ 5.3 ಲೀಟರ್ ವಿ8, 2018ರಲ್ಲಿ 425ಕ್ಕೆ 5.6 ಲೀಟರ್. ಸುಝುಕಿ 2017ರಲ್ಲಿ 350 ಅಶ್ವಶಕ್ತಿಗೆ 4.4 ಲೀಟರ್ ವಿ6ನಲ್ಲಿ ಸಂಪೀಡನ ಅನುಪಾತವನ್ನು (ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಕುಗ್ಗಿಸುತ್ತದೆ ಎಂಬ ಲೆಕ್ಕ) 12ಕ್ಕೆ ಏರಿಸಿ ಗುರಿ ಮುಟ್ಟಿತು. ಹನ್ನೆರಡರ ಅನುಪಾತವನ್ನು ಸೂಪರ್‌ಚಾರ್ಜರ್ ಎಂಜಿನ್ ಕನಸಿನಲ್ಲೂ ಬಯಸಲಾರದು. ಒತ್ತಿದ ಗಾಳಿಗೆ ಜಾಗ ಬಿಡಲೆಂದು ಅದು ಅನುಪಾತವನ್ನು ಇಳಿಸಿಕೊಳ್ಳಲೇಬೇಕು, ಇಳಿಸಿದೊಡನೆ ಸಮವೇಗದ ಓಟದಲ್ಲಿ ಇಂಧನದ ದಕ್ಷತೆ ಕುಗ್ಗುತ್ತದೆ.

2021ರ ಫೆಬ್ರುವರಿಯಲ್ಲಿ ಬಂದ 600 ಅಶ್ವಶಕ್ತಿಯ ವಿ12 ಈ ಸರಣಿಯ ನಾಲ್ಕನೇ ಉತ್ತರ. 572 ಕೆಜಿಯ ಈ ದೈತ್ಯವನ್ನು ಹೊರುವುದು ದೊಡ್ಡ ಕಡಲ ದೋಣಿಗಳು. ಅವಕ್ಕೆ ಹಿಂಬದಿಯ ತೂಕ ಮೊದಲಿನಷ್ಟು ತಲೆನೋವಲ್ಲ. ಅಲ್ಲಿ ಕಟ್ಟಿಹಾಕಿದ ಅಂಶವೇ ಬೇರೆ, ದಿಬ್ಬ ಹತ್ತುವಾಗಿನ ಎಳೆತ ಮತ್ತು ದೂರದ ಓಟದ ಇಂಧನ. ಅದಕ್ಕೆ ಪರಿಹಾರವಾಗಿ ಸೂಪರ್‌ಚಾರ್ಜರಿನ ಬದಲು ಎರಡು ವೇಗದ ಗೇರ್‌ಪೆಟ್ಟಿಗೆಯನ್ನೂ ಎದುರುಬದುರಾಗಿ ತಿರುಗುವ ಜೋಡಿ ಪ್ರೊಪೆಲ್ಲರ್‌ಗಳನ್ನೂ ಕೊಟ್ಟರು. ಕಡಿಮೆ ಸುತ್ತಿನಲ್ಲಿ ಎಳೆತ ಬೇಕಾದರೆ ಗಾಳಿಯನ್ನೇ ಒತ್ತಬೇಕಿಲ್ಲ, ಗೇರ್ ಬದಲಿಸಿದರೂ ಆಗುತ್ತದೆ ಎಂಬ ಸರಳ ಸತ್ಯಕ್ಕೆ ಔಟ್‌ಬೋರ್ಡ್ ಲೋಕ ಬರಲು ಇಷ್ಟು ವರ್ಷ ಹಿಡಿಯಿತು.

ಇರುವ ಎಂಜಿನ್‌ಗೆ ಹಾಕಿಸುವವರ ಮಟ್ಟಿಗೆ

ಕಾರ್ಖಾನೆಯ ಈ ಲೆಕ್ಕ ತನ್ನ ದೋಣಿಯ ಒಳ ಎಂಜಿನ್‌ಗೆ ಹೊರಗಿನ ಕಿಟ್ ಹಾಕಿಸಲು ಹೊರಟವನಿಗೂ ಅನ್ವಯಿಸುತ್ತದೆ, ಆದರೆ ಅವನ ಇಕ್ಕಟ್ಟು ಇನ್ನೂ ಬಿಗಿ. 8.2 ಲೀಟರ್‌ನ, 415 ಅಶ್ವಶಕ್ತಿಯ ಹಳೆಯ ಮರ್ಕ್ರೂಸರ್ (ಮರ್ಕ್ಯುರಿಯ ಒಳ ಎಂಜಿನ್‌ಗಳ ಹೆಸರು) ವಿ8 ಒಂದನ್ನು ತೆಗೆದುಕೊಳ್ಳಿ. ಕಾರ್ಖಾನೆಯವರು ಸೂಪರ್‌ಚಾರ್ಜರ್ ಹಾಕುವಾಗ ಪಿಸ್ಟನ್‌ನಿಂದ ಗೇರ್‌ವರೆಗೆ ಎಲ್ಲವನ್ನೂ ಅದಕ್ಕೆ ತಕ್ಕಂತೆ ಮಾಡಿರುತ್ತಾರೆ. ಹೊರಗಿನಿಂದ ಹಾಕಿಸುವವನು ಸಾದಾ ಉಸಿರಾಟಕ್ಕೆಂದು ಮಾಡಿದ ಸಂಪೀಡನ ಅನುಪಾತದ ಮೇಲೆ ಒತ್ತಡ ಹೇರುತ್ತಾನೆ. ಎಂಜಿನ್ ತಾಳಿತೆಂದೇ ಇಟ್ಟುಕೊಂಡರೂ ಆ ಶಕ್ತಿ ನೀರಿಗೆ ಹೋಗಬೇಕಾದದ್ದು ಹಿಂಬದಿಯ ಡ್ರೈವ್‌ನ ಎರಡು ಕೋನಗಳ ಗೇರ್‌ಗಳ ಮೂಲಕ, ಮತ್ತು ಅವುಗಳನ್ನು ಹಳೆಯ ತಿರುಚುಬಲಕ್ಕೆ ಲೆಕ್ಕ ಹಾಕಿ ಕೊರೆದಿರುತ್ತಾರೆ. ಅಲೆಯಿಂದ ಹಾರಿ ನೀರಿಗೆ ಬಿದ್ದಾಗ ಮುರಿಯುವುದು ಮೊದಲು ಆ ಗೇರ್. ಅದಕ್ಕಾಗಿ ಸೂಪರ್‌ಚಾರ್ಜರಿಗೆ ಖರ್ಚು ಮಾಡುವವನು ಡ್ರೈವ್, ಎಣ್ಣೆ ತಂಪು ಮಾಡುವ ಕೂಲರ್, ಫೋರ್ಜ್ ಮಾಡಿದ ಪಿಸ್ಟನ್‌ಗಳು, ಹೊಸ ಪ್ರೊಪೆಲ್ಲರ್ ಇವಿಷ್ಟಕ್ಕೂ ಹಣ ತೆಗೆದಿಡಬೇಕು. ತೆಗೆದಿಡಲಾರನೆಂದರೆ ಅದೇ ಹಣಕ್ಕೆ ದೊಡ್ಡ ಎಂಜಿನ್ ಹಾಕಿಸುವುದೇ ಅಗ್ಗವಾಗುತ್ತದೆ ಎಂಬುದು ನಾನು ಹಾಕಿ ನೋಡಿದ ಲೆಕ್ಕಗಳಲ್ಲಿ ಮತ್ತೆ ಮತ್ತೆ ಬರುವ ಉತ್ತರ.

ಕೆಲವರಿಗೆ ಈ ಲೆಕ್ಕ ಬೇಕಿಲ್ಲ. 1930ರ ಜೂನ್ 13ರಂದು ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ ವೇಗದ ದಾಖಲೆಗಳಿಗೆ ಹೆಸರಾದ ಹೆನ್ರಿ ಸೆಗ್ರೇವ್ ಎರಡು ಸೂಪರ್‌ಚಾರ್ಜರ್ ರೋಲ್ಸ್‌ರಾಯ್ಸ್ ವಿಮಾನ ಎಂಜಿನ್‌ಗಳಿದ್ದ ‘ಮಿಸ್ ಇಂಗ್ಲೆಂಡ್ 2’ರಲ್ಲಿ ಗಂಟೆಗೆ 98.76 ಮೈಲಿಯ ದಾಖಲೆ ಬರೆದರು. ಅದೇ ದಿನ ಮರದ ದಿಮ್ಮಿಗೆ ಬಡಿದು ದೋಣಿ ಮಗುಚಿ ತೀರಿಕೊಂಡರು. ಅಂಥ ಎಂಜಿನ್ ಬಾಳಬೇಕಾದದ್ದು ನಿಮಿಷಗಳ ಲೆಕ್ಕದಲ್ಲಿ. ವೆರಾಡೋ ಬಾಳಬೇಕಾದದ್ದು ಸಾವಿರಾರು ಗಂಟೆ, ಬೆಳಗಿನ ಮೀನುಬೇಟೆಯಿಂದ ಹಿಡಿದು ಸಂಜೆಯ ವಿಹಾರದವರೆಗೆ.

2022ರ ನವೆಂಬರಿನಲ್ಲಿ ಮರ್ಕ್ಯುರಿ 5.7 ಲೀಟರ್‌ನ ವಿ10 ಎಂಜಿನ್ನನ್ನು 350 ಮತ್ತು 400 ಅಶ್ವಶಕ್ತಿಗಳಲ್ಲಿ ಹೊರತಂದಿತು. ಸೂಪರ್‌ಚಾರ್ಜರ್ ಇದ್ದ 2.6 ಲೀಟರ್‌ನ ಆರು ಸಿಲಿಂಡರ್ ಎಂಜಿನ್‌ಗಳಿಗೆ ಉಳಿದಿದ್ದ ಕೊನೆಯ ಜಾಗವೂ ಅಲ್ಲಿಗೆ ಭರ್ತಿಯಾಯಿತು. ರೇಸಿಂಗ್ ವಿಭಾಗದಲ್ಲಿ ಮಾತ್ರ 4.6 ಲೀಟರ್‌ನ ವಿ8 ಇನ್ನೂ ಒತ್ತಿದ ಗಾಳಿಯನ್ನೇ ಉಸಿರಾಡುತ್ತಿದೆ. 450ರ ಮೇಲೆ ಈಗ 500 ಅಶ್ವಶಕ್ತಿಯ ಮಾದರಿಯೂ ಇದೆ, ಗಾತ್ರ ಅದೇ 4.6.